ಗೊಂಬೆಮನೆಯ ಹಿತ್ತಲು

ನವರಾತ್ರಿಯ ದಿನಗಳಲ್ಲಿ ಮೈಸೂರು ಸೀಮೆಯ ಮನೆಗಳಲ್ಲಿ ಗೊಂಬೆಗಳನ್ನು ಕೂರಿಸುವ ಪದ್ಧತಿ ವಾಚಕರಿಗೆ ತಿಳಿದಿರುವುದೇ. ಮೇಲಿನ ಮೆಟ್ಟಲಿನ ಮೇಲೆ ಪಟ್ಟದ ಗೊಂಬೆಗಳು, ಅವುಗಳ ಕೆಳಗೆ ದೇವದೇವಿಯರು, ಇನ್ನೂ ಕೆಳಗೆ ಶೆಟ್ಟಿಯ ಅಂಗಡಿ, ಮದುವೆಯ ದಿಬ್ಬಣ. ಎಲ್ಲಕ್ಕೂ ಕೆಳಗೆ, ನೆಲದ ಮೇಲೆ, ಮಕ್ಕಳ ಪಾಲಿಗೆ ಬಿಟ್ಟ ಒಂದಿಷ್ಟು ಜಾಗ. ಅಲ್ಲಿ ಒಂದು ಊರು ಏಳುತ್ತದೆ. ರಟ್ಟಿನ ಮನೆಗಳು, ಬಣ್ಣ ಹಾಕಿದ ಮರದ ಹೊಟ್ಟಿನ ರಸ್ತೆ, ಕನ್ನಡಿಯ ಕೆರೆ, ಕೆರೆಯಲ್ಲಿ ಬಾತುಕೋಳಿ. ಮನೆಗಳ ಸುತ್ತ ತೋಟವೊಂದು ಇರಲೇಬೇಕು. ಅದಕ್ಕೆಂದು ಹಬ್ಬಕ್ಕೆ ಕೆಲವು ದಿನ ಮುಂಚೆ ಮನೆಯ ಹಿರಿಯ ಹೆಂಗಸರು ಅಗಲವಾದ ತಟ್ಟೆಯಲ್ಲಿ ಮಣ್ಣು ಹರವಿ, ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲಿ, ನೀರು ಚಿಮುಕಿಸಿ ಇಡುವರು. ಹಬ್ಬದ ಹೊತ್ತಿಗೆ ಅದು ಹಸಿರು ಗದ್ದೆಯಾಗುತ್ತದೆ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿನ ಗೋದಲಿಗೆ ಇದೇ ರೀತಿ ಪೈರು ಬೆಳೆಸುವುದುಂಟು.

ಆ ಇಡೀ ಪ್ರದರ್ಶನದಲ್ಲಿ ದಿನದಿಂದ ದಿನಕ್ಕೆ ಬದಲಾಗುತ್ತಿದ್ದ ವಸ್ತು ಆ ರಾಗಿಯ ತಟ್ಟೆಯೊಂದೇ. ರಾಜನ ಗೊಂಬೆ ಪಾಡ್ಯದಂದು ಹೇಗೆ ನಿಂತಿತ್ತೋ ವಿಜಯದಶಮಿಯಂದೂ ಹಾಗೆಯೇ ನಿಂತಿರುವುದು. ರಾಗಿಯಾದರೋ ಮೊದಲ ದಿನ ಬೆರಳುದ್ದವಿದ್ದದ್ದು ಕೊನೆಯ ದಿನ ಗೇಣಿಗೆ ಸಮೀಪವಾಗಿ, ಮನೆಗಳ ಮಾಡನ್ನು ಮೀರಿ, ಒಂದು ಕಡೆಗೆ ಒರಗಿರುತ್ತದೆ. ಈಗ ಅನೇಕ ಮನೆಗಳಲ್ಲಿ ಆ ತಟ್ಟೆಯ ಬದಲಿಗೆ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಹುಲ್ಲುಹಾಸು ಬಂದಿದೆ. ಅದರ ಮೇಲೆ ಪ್ಲಾಸ್ಟಿಕ್ ಮರ, ಮರಕ್ಕೆ ಸುತ್ತಿದ ಮಿಣುಕು ದೀಪ. ನೋಡಲು ಅಚ್ಚುಕಟ್ಟು. ನೀರು ಬೇಡ, ಮಣ್ಣು ಚೆಲ್ಲುವುದಿಲ್ಲ, ಮುಂದಿನ ವರ್ಷಕ್ಕೂ ಆಗುತ್ತದೆ. ಇಷ್ಟು ಗುಣಗಳಿರುವ ವಸ್ತುವನ್ನು ಆಕ್ಷೇಪಿಸುವವನು ಹಳೆಯ ಕಾಲದವನೆಂದು ಅನ್ನಿಸಿಕೊಳ್ಳಬೇಕಾದೀತು. ಆದರೂ ಆಕ್ಷೇಪಿಸುತ್ತೇನೆ. ಗೊಂಬೆಯ ಮನೆಗೆ ಜೀವಂತವಾದ ಹಿತ್ತಲೇ ಬೇಕು. ಅದೂ ಕತ್ತರಿಸಿ ಒಪ್ಪಮಾಡಿದ ಉದ್ಯಾನವಲ್ಲ, ಗಿಡ ಬಳ್ಳಿಗಳು ತಮ್ಮಿಷ್ಟದಂತೆ ಹಬ್ಬಿ ಗೋಡೆಯನ್ನೂ ಮಾಡನ್ನೂ ಮುಚ್ಚುವಂಥ ಹಿತ್ತಲು. ಇದು ಕೇವಲ ಸೌಂದರ್ಯದ ಮಾತಲ್ಲ. ಪ್ರೌಢಶಾಲೆಯಲ್ಲಾಗಲಿ ಕಾಲೇಜಿನಲ್ಲಾಗಲಿ ವಿಜ್ಞಾನ ಓದುವ ವಿದ್ಯಾರ್ಥಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಪಾಠ ಹೇಳುವ ಉಪಕರಣ ಬೇರೊಂದನ್ನು ನಾನು ಕಾಣೆ.

ಗೊಂಬೆಮನೆಗಳಲ್ಲೆಲ್ಲ ಅತ್ಯಂತ ಹೆಸರಾದುದು ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿದೆ. ರಾಣಿ ಮೇರಿಗೆಂದು 1921ರಿಂದ 1924ರವರೆಗೆ ಅದನ್ನು ಕಟ್ಟಿದರು. ಹೊಸದಿಲ್ಲಿಯನ್ನು ರೂಪಿಸಿದ ಎಡ್ವಿನ್ ಲಟ್ಯೆನ್ಸನೇ ಅದರ ವಾಸ್ತುಶಿಲ್ಪಿ. ಒಂದು ಅಡಿಗೆ ಒಂದು ಅಂಗುಲದಂತೆ, ಎಂದರೆ ಹನ್ನೆರಡರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ, ಅದರೊಳಗಿನ ಪ್ರತಿಯೊಂದು ವಸ್ತುವೂ ಸಿದ್ಧವಾಗಿದೆ. ನಲ್ಲಿಗಳಲ್ಲಿ ನೀರು ಬರುವುದು, ವಿದ್ಯುದ್ದೀಪಗಳು ಉರಿಯುವುವು, ಪುಟ್ಟ ಪುಸ್ತಕಗಳಲ್ಲಿ ಅಂದಿನ ಲೇಖಕರು ನಿಜವಾಗಿಯೂ ಬರೆದುಕೊಟ್ಟ ಬರಹಗಳಿವೆ, ನೆಲಮಾಳಿಗೆಯ ಸೀಸೆಗಳಲ್ಲಿ ನಿಜವಾದ ಮದ್ಯವಿದೆ. ಮನೆಯ ತಳದಲ್ಲಿ ಒಂದು ಸೆಳೆಖಾನೆ. ಅದನ್ನು ಎಳೆದರೆ ತೋಟವೊಂದು ಹೊರಗೆ ಬರುತ್ತದೆ. ಆ ಕಾಲದ ಪ್ರಸಿದ್ಧ ಉದ್ಯಾನಶಿಲ್ಪಿ ಗರ್ಟ್ರೂಡ್ ಜೀಕಿಲ್ ಅದನ್ನು ರಚಿಸಿದಳು. ಇಷ್ಟೆಲ್ಲ ನಿಜವಾಗಿರುವ ಆ ಮನೆಯಲ್ಲಿ ತೋಟ ಮಾತ್ರ ನಿಜವಲ್ಲ. ಅದರ ಗಿಡಗಳೂ ಹೂಗಳೂ ಕೈಯಿಂದ ಮಾಡಿದ ಕೃತಕ ವಸ್ತುಗಳು.

ಹಣಕ್ಕೆ ಕೊರತೆಯಿರಲಿಲ್ಲ, ಕುಶಲಿಗಳಿಗೂ ಇರಲಿಲ್ಲ. ಸೆಳೆಖಾನೆಯ ಕತ್ತಲೆಯಲ್ಲಿ ಗಿಡ ಬದುಕುವುದಿಲ್ಲವೆಂಬುದು ನಿಜ. ಆದರೆ ಬೆಳಕಿನಲ್ಲಿಟ್ಟಿದ್ದರೂ ಜೀಕಿಲ್ ಬಯಸಿದ ಗುಲಾಬಿಯನ್ನು ಹನ್ನೆರಡನೆಯ ಒಂದು ಪಾಲಿನಷ್ಟು ಚಿಕ್ಕದಾಗಿ ಬೆಳೆಸುವುದು ಯಾರಿಂದಲೂ ಸಾಧ್ಯವಾಗುತ್ತಿರಲಿಲ್ಲ. ಕುರ್ಚಿಯನ್ನು ಅಳತೆಪಟ್ಟಿ ಹಿಡಿದು ಕುಗ್ಗಿಸಬಹುದು. ಗಿಡ ಅಳತೆಪಟ್ಟಿಯ ಮಾತನ್ನು ಕೇಳುವುದಿಲ್ಲ.

ಅದೇಕೆ ಕೇಳುವುದಿಲ್ಲವೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಉದ್ದ, ಅಗಲ, ಎತ್ತರ ಮೂರನ್ನೂ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಿದರೆ ಮೇಲ್ಮೈ 144ರಲ್ಲಿ ಒಂದು ಪಾಲಾಗುತ್ತದೆ, ಗಾತ್ರ 1728ರಲ್ಲಿ ಒಂದು ಪಾಲಾಗುತ್ತದೆ. ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಮೊದಲಿನದರ ಹನ್ನೆರಡು ಪಟ್ಟಾಯಿತು. ಹೂಕುಂಡವೊಂದನ್ನು ಹೀಗೆ ಕುಗ್ಗಿಸಿದಿರೆನ್ನಿ. ಅದರಲ್ಲಿ ಹಿಡಿಯುವ ನೀರು 1728ರಲ್ಲಿ ಒಂದು ಪಾಲು. ಆ ನೀರು ಆವಿಯಾಗಿ ಹೋಗುವ ಬಾಯಿ 144ರಲ್ಲಿ ಒಂದು ಪಾಲು. ದೊಡ್ಡ ಕುಂಡ ಆರು ದಿನದಲ್ಲಿ ಒಣಗುವಂತಿದ್ದರೆ ಗೊಂಬೆಯ ಕುಂಡ ಅರ್ಧ ದಿನದಲ್ಲಿ ಒಣಗಬೇಕು. ಬೆಳಗ್ಗೆ ನೀರೆರೆದು ಶಾಲೆಗೆ ಹೋದ ಹುಡುಗಿ ಸಂಜೆ ಬಂದು ಬಾಡಿದ ಗಿಡವನ್ನು ಕಂಡು ತನ್ನ ಕೈಗುಣವನ್ನು ಹಳಿದುಕೊಳ್ಳುತ್ತಾಳೆ. ತಪ್ಪು ಕೈಯದಲ್ಲ, ರೇಖಾಗಣಿತದ್ದು.

ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ತನ್ನ ಕೊನೆಯ ಗ್ರಂಥದಲ್ಲಿ ಈ ವಿಚಾರವನ್ನು ಎತ್ತಿ, ದೊಡ್ಡ ಪ್ರಾಣಿಯ ಮೂಳೆ ಚಿಕ್ಕ ಪ್ರಾಣಿಯ ಮೂಳೆಗಿಂತ ಉದ್ದವಾಗಿದ್ದರೆ ಸಾಲದು, ಆಕಾರದಲ್ಲೇ ದಪ್ಪವಾಗಬೇಕೆಂದು ಚಿತ್ರ ಬರೆದು ತೋರಿಸಿದನು. ಮುಂದೆ 1926ರಲ್ಲಿ ಜೆ. ಬಿ. ಎಸ್. ಹಾಲ್ಡೇನರು ಜೀವಿಗಳಿಗೆ ತಕ್ಕ ಗಾತ್ರ ಯಾವುದೆಂಬ ಬಗ್ಗೆ ಸೊಗಸಾದ ಪ್ರಬಂಧವೊಂದನ್ನು ಬರೆದರು. 1957ರಲ್ಲಿ ನಮ್ಮ ದೇಶಕ್ಕೆ ಬಂದು, ಇಲ್ಲಿಯ ಪ್ರಜೆಯೂ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನರೇ ಅವರು. ಇಂಗ್ಲಿಷ್ ಓದಬಲ್ಲ ವಿದ್ಯಾರ್ಥಿಗಳು ಆ ಪ್ರಬಂಧವನ್ನು ಹುಡುಕಿ ಓದಬೇಕು; ನಾಲ್ಕಾರು ಪುಟಗಳಷ್ಟೇ. ಆದರೆ ಓದುವುದಕ್ಕೆ ಮುಂಚೆ ಒಂದು ಪುಟ್ಟ ತೋಟ ಮಾಡಿದ್ದರೆ ಅದರ ಒಂದೊಂದು ವಾಕ್ಯವೂ ಕಣ್ಣಿಗೆ ಕಟ್ಟೀತು.

ಗಿಡದ ಒಳಗೆ ಇನ್ನೊಂದು ಅಡ್ಡಿಯಿದೆ. ಜೀವಕೋಶಗಳು ಜೀವಿಯ ಜೊತೆಗೆ ಕುಗ್ಗುವುದಿಲ್ಲ. ಆನೆಯ ಕೋಶಗಳಿಗೂ ಇಲಿಯ ಕೋಶಗಳಿಗೂ ಗಾತ್ರದಲ್ಲಿ ಹೆಚ್ಚು ಅಂತರವಿಲ್ಲ, ಅಂತರವಿರುವುದು ಸಂಖ್ಯೆಯಲ್ಲಿ. ಜಪಾನಿನವರು ಬೋನ್ಸಾಯ್ ಎಂದು ಕುಂಡದಲ್ಲಿ ಕುಬ್ಜ ಮರಗಳನ್ನು ಬೆಳೆಸುವರಷ್ಟೆ. ಬೇರು ಸವರಿ, ಕೊಂಬೆ ಕತ್ತರಿಸಿ, ವರ್ಷಗಟ್ಟಲೆ ಪಳಗಿಸಿದ ಮೇಲೆ ಎಲೆ ತಕ್ಕಮಟ್ಟಿಗೆ ಚಿಕ್ಕದಾಗುತ್ತದೆ. ಎಲೆಯೊಳಗಿನ ಕೋಶ ಚಿಕ್ಕದಾಗಿ ಅಲ್ಲ, ಕೋಶಗಳು ಕಡಿಮೆಯಾಗಿ. ಹೂವೂ ಹಣ್ಣೂ ಮಾತ್ರ ಈ ಶಿಕ್ಷಣಕ್ಕೆ ಬಗ್ಗುವುದಿಲ್ಲ. ಮೊಣಕೈಯುದ್ದದ ನಿಂಬೆಯ ಮರದಲ್ಲಿ ಸಂತೆಯಲ್ಲಿ ಸಿಗುವಷ್ಟೇ ದಪ್ಪ ನಿಂಬೆಹಣ್ಣು ತೂಗುತ್ತಿರುತ್ತದೆ. ಅದನ್ನು ಗೊಂಬೆಯ ಹಿತ್ತಲಿನಲ್ಲಿಟ್ಟರೆ ಹಣ್ಣು ಉದುರಿದ ದಿನ ಗೊಂಬೆಯ ಗತಿ ಏನೆಂದು ಹೇಳಬೇಕಾಗಿಲ್ಲ.

ನೀರೂ ಹಾಗೆಯೇ. ಹನಿಯ ಆಕಾರವನ್ನು ಹಿಡಿದಿಡುವುದು ನೀರಿನ ಮೇಲ್ಮೈ ಎಳೆತ. ಮನೆ ಚಿಕ್ಕದೆಂದು ಅದು ರಿಯಾಯಿತಿ ಕೊಡುವುದಿಲ್ಲ. ಸಾಧಾರಣ ಮಳೆಹನಿಯ ಅಡ್ಡಳತೆ ಎರಡು ಮಿಲಿಮೀಟರ್ ಎಂದುಕೊಳ್ಳೋಣ. ಹದಿನಾಲ್ಕು ಸೆಂಟಿಮೀಟರ್ ಎತ್ತರದ ಗೊಂಬೆಗೆ, ಎಂದರೆ ನಮ್ಮ ಲೆಕ್ಕದಲ್ಲಿ ಐದೂವರೆ ಅಡಿಯ ಆಳಿಗೆ, ಅದು ಎರಡೂವರೆ ಸೆಂಟಿಮೀಟರಿನ ಉಂಡೆ. ಗೊಂಬೆಯ ಊರಿನಲ್ಲಿ ನೆಲ್ಲಿಕಾಯಿಯಂಥ ಹನಿಗಳ ಮಳೆ ಸುರಿಯುತ್ತದೆ.

ಇಷ್ಟನ್ನು ಕೇಳಿದವರು, ಹಾಗಾದರೆ ಪ್ಲಾಸ್ಟಿಕ್ಕೇ ಸರಿಯಲ್ಲವೆ, ಎಂದು ಕೇಳಬಹುದು. ಅಲ್ಲ. ದೊಡ್ಡ ಗಿಡವನ್ನು ಚಿಕ್ಕದು ಮಾಡಲು ಬರುವುದಿಲ್ಲವೆಂದಷ್ಟೇ ಇದರ ಅರ್ಥ. ಚಿಕ್ಕವಾಗಿಯೇ ಬದುಕುವುದನ್ನು ಕೋಟ್ಯಂತರ ವರ್ಷಗಳಿಂದ ರೂಢಿಸಿಕೊಂಡ ಗಿಡಗಳು ನಮ್ಮ ಬಚ್ಚಲುಮನೆಯ ಹೊರಗೋಡೆಯ ಮೇಲೆಯೇ ಇವೆ. ಅವುಗಳನ್ನು ಕಿತ್ತು, ಕೆರೆದು, ಸುಣ್ಣ ಬಳಿಯುವುದೇ ನಮ್ಮ ವಾಡಿಕೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಗೋಡೆಯ ಗಿಡಕ್ಕೆ ಇನ್ನೂ ಚೆನ್ನಾಗಿ ಅನ್ವಯಿಸುತ್ತದೆ.

ಮಳೆಗಾಲದ ಕೊನೆಯಲ್ಲಿ, ಎಂದರೆ ಸರಿಯಾಗಿ ದಸರೆಯ ಮುಂಚಿನ ವಾರಗಳಲ್ಲಿ, ಅಂಥ ಗೋಡೆಯೊಂದರ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ಭೂತಗನ್ನಡಿಯಿಂದ ನೋಡಿ. ಮೊದಲು ಕಣ್ಣಿಗೆ ಬೀಳುವುದು ಹಾವಸೆ. ಹಸಿರು ಮಖಮಲ್ಲಿನಂತೆ ಕಾಣುವ ಅದು ಹತ್ತಿರದಿಂದ ಒತ್ತಾಗಿ ನಿಂತ ಸಾವಿರಾರು ಬಿಡಿ ಗಿಡಗಳು. ಪ್ರತಿಯೊಂದಕ್ಕೂ ಕಾಂಡವಿದೆ, ಎಲೆಗಳಿವೆ. ಎಲೆಯ ನಡುನರವನ್ನು ಬಿಟ್ಟರೆ ಉಳಿದ ಹಾಳೆ ಸಾಮಾನ್ಯವಾಗಿ ಒಂದೇ ಕೋಶದಷ್ಟು ದಪ್ಪ. ನಿಜವಾದ ಬೇರು ಇಲ್ಲ. ಮರದ ನೀರ್ಗೊಳವೆಗಳಂಥ ಏರ್ಪಾಡೂ ಇಲ್ಲ. ಮೈಯೆಲ್ಲ ಬಾಯಾಗಿ ನೀರು ಕುಡಿಯುತ್ತದೆ. ಎತ್ತರ ಬೆಳೆಯಲಾರದಿರುವುದಕ್ಕೆ ಇದೂ ಒಂದು ಕಾರಣ. ಬೆಳೆಯದೆ ಇರುವುದರಿಂದಲೇ ಗೊಂಬೆಯ ತೋಟಕ್ಕೆ ಅದು ಒಗ್ಗುತ್ತದೆ. ಏಪ್ರಿಲ್ ತಿಂಗಳಲ್ಲಿ ಅದೇ ಗೋಡೆಯ ಮೇಲೆ ಕಪ್ಪಾದ ಹೊಪ್ಪಳೆಯಂತೆ ಕಾಣುವ ಹಾವಸೆಗೆ ಒಂದು ಚೊಂಬು ನೀರು ಚಿಮುಕಿಸಿ ಕಾದು ನೋಡಿ. ಸುರುಟಿದ ಎಲೆಗಳು ಕೆಲವೇ ನಿಮಿಷಗಳಲ್ಲಿ ಬಿಚ್ಚಿಕೊಂಡು ಹಸಿರಾಗುತ್ತವೆ. ಮಾಯಾತೋಟವನ್ನು ಹುಡುಕಿಕೊಂಡು ಅಂಗಡಿಗೆ ಹೋಗುವವರು ಈ ಮಾಯೆಯನ್ನೊಮ್ಮೆ ಕಂಡಿದ್ದರೆ ಚೆನ್ನಾಗಿತ್ತು.

ಹಾವಸೆಯಿಂದ ಮೇಲೆದ್ದ ಕೂದಲೆಳೆಯಂಥ ಕಡ್ಡಿ, ಅದರ ತುದಿಯಲ್ಲಿ ಒಂದು ಪುಟ್ಟ ಕೋಶಿಕೆ, ಕೆಲವು ವೇಳೆ ಕಾಣಸಿಗುತ್ತದೆ. ಬೀಜಕಗಳು ತಯಾರಾಗುವುದು ಅಲ್ಲಿ. ಎರಡು ಮೂರು ಸೆಂಟಿಮೀಟರಿನ ಆ ಕಡ್ಡಿ ಗೊಂಬೆಯ ಕಣ್ಣಿಗೆ ಒಂದಡಿ ಎತ್ತರದ ಹೂದಂಟು. ಕಾಲೇಜಿನ ವಿದ್ಯಾರ್ಥಿಗಳು ಫ್ಯುನೇರಿಯ ಎಂಬ ಹಾವಸೆಯ ಚಿತ್ರವನ್ನು ಪರೀಕ್ಷೆಗೆಂದು ಹತ್ತಾರು ಸಲ ಬರೆದಿರುತ್ತಾರೆ. ಅದರ ಕಡ್ಡಿ ಒಣಗಿದಾಗ ಹುರಿಗೊಂಡು, ತೇವ ತಗುಲಿದಾಗ ಹುರಿ ಬಿಚ್ಚುತ್ತ ತಿರುಗುತ್ತದೆಂಬುದನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ನಾನು ಓದುವಾಗ ನಮಗೆ ಅದನ್ನು ತೋರಿಸಿದ್ದು ಗಾಜಿನ ಸೀಸೆಯಲ್ಲಿ, ಔಷಧದ ದ್ರವದಲ್ಲಿ ಮುಳುಗಿ ಬಿಳಿಚಿಕೊಂಡ ಸ್ಥಿತಿಯಲ್ಲಿ. ಅದೇ ಕಟ್ಟಡದ ಹಿಂದುಗಡೆ, ಸೂರಿನ ನೀರು ಬೀಳುವ ಕಡೆ, ಗೋಡೆಯುದ್ದಕ್ಕೂ ಅದರ ನಂಟರು ಬೆಳೆದಿದ್ದರು. ಪಾಠ ಹೇಳಿದವರೂ ಕೇಳಿದ ನಾವೂ ದಿನವೂ ಅದರ ಪಕ್ಕದಲ್ಲೇ ನಡೆದು ಹೋಗುತ್ತಿದ್ದೆವು. ಊರ ಗೋಡೆಗಳ ಮೇಲೆ ಬೆಳೆಯುವುದು ಫ್ಯುನೇರಿಯವೇ ಆಗಿರಬೇಕೆಂದೇನಿಲ್ಲ, ಬಹಳ ಕಡೆ ಅದು ಹಯೋಫಿಲವೋ ಬ್ರೈಯಮ್ಮೋ ಆಗಿರುತ್ತದೆ. ಹೆಸರು ಆಮೇಲೆ ಹುಡುಕಿದರಾಯಿತು.

ಹಾವಸೆಯ ನಡುವೆ, ಇಟ್ಟಿಗೆಯ ಸಂದಿನಲ್ಲಿ, ಉಗುರಿಗಿಂತ ಚಿಕ್ಕದಾದ ಹೃದಯಾಕಾರದ ಹಸಿರು ಬಿಲ್ಲೆಗಳು ಕಂಡರೆ ಅವನ್ನು ಕೀಳಬೇಡಿ. ಜರೀಗಿಡದ ಬೀಜಕ ಮೊಳೆತು ಮೊದಲು ಆಗುವ ರೂಪ ಅದು. ಆ ಬಿಲ್ಲೆಯ ಅಡಿಯಲ್ಲಿ ನೀರಿನ ತೆಳುಪದರದೊಳಗೆ ಗಂಡು ಕೋಶ ಈಜಿಕೊಂಡು ಹೋಗಿ ಹೆಣ್ಣನ್ನು ಸೇರಿದ ಮೇಲೆಯೇ ನಮಗೆ ಪರಿಚಯವಿರುವ ಜರೀಗಿಡ ಹುಟ್ಟುವುದು. ಹಳೆಯ ಗಾರೆಯ ಗೋಡೆಗಳಲ್ಲಿ ಟೆರಿಸ್ ಎಂಬ ಜಾತಿ ಸಾಮಾನ್ಯ, ಬಾವಿಯ ಒಳಗೋಡೆಯಲ್ಲಿ ಕಪ್ಪು ದಂಟಿನ ಅಡಿಯಾಂಟಮ್. ದೊಡ್ಡವಾದಾಗ ಇವು ಗೊಂಬೆಯ ಮನೆಯನ್ನು ನುಂಗಿಬಿಡಬಲ್ಲವಾದರೂ ಮರಿಯಾಗಿರುವಾಗ ತೆಂಗಿನ ಸಸಿಗಳಂತೆ ಶೋಭಿಸುವುವು.

ಮರಕ್ಕೆ ಪೈಲಿಯವನ್ನು ಹುಡುಕಿ. ಚರಂಡಿಯ ಅಂಚಿನಲ್ಲಿ, ಹೂಕುಂಡಗಳ ಬುಡದಲ್ಲಿ ತಾನಾಗಿಯೇ ಹುಟ್ಟುವ ಈ ರಸಭರಿತ ಕಳೆ ಅಮೆರಿಕದ ಉಷ್ಣವಲಯದಿಂದ ಬಂದು ಇಲ್ಲಿಯದೇ ಆಗಿಹೋಗಿದೆ. ಎಲೆ ಕೆಲವು ಮಿಲಿಮೀಟರ್ ಮಾತ್ರ. ಐದು ಮಿಲಿಮೀಟರಿನ ಎಲೆಯನ್ನು ಹನ್ನೆರಡರಿಂದ ಗುಣಿಸಿದರೆ ಆರು ಸೆಂಟಿಮೀಟರ್ ಆಗುತ್ತದೆ, ಬೇವಿನ ಕಿರುಎಲೆಯ ಉದ್ದ. ಗೇಣೆತ್ತರದ ಪೈಲಿಯ ಗೊಂಬೆಯ ಮನೆಯ ಪಕ್ಕದಲ್ಲಿ ನಿಂತರೆ ಒಂದು ಬೇವಿನ ಮರ ನಿಂತಂತೆಯೇ. ಇದರ ಹೂ ಸಾಸಿವೆಗಿಂತ ಸಣ್ಣದು. ಅರಳುವಾಗ ಕೇಸರಗಳು ಚಿಮ್ಮಿ ಪರಾಗವನ್ನು ಹೊಗೆಯಂತೆ ಎಸೆಯುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಫಿರಂಗಿಯ ಗಿಡವೆಂಬ ಅರ್ಥದ ಹೆಸರು ಬಂದಿರುವುದು ಈ ಕಾರಣದಿಂದ. ಇದರ ಬಳಿಯಲ್ಲೇ ಪೆಪರೋಮಿಯ ಇರುವ ಸಂಭವ ಹೆಚ್ಚು. ಗಾಜಿನಂತೆ ಪಾರದರ್ಶಕವಾದ ದಂಟು, ಹೃದಯಾಕಾರದ ಎಲೆ. ವೀಳ್ಯದೆಲೆ ಮತ್ತು ಮೆಣಸಿನ ಕುಟುಂಬಕ್ಕೇ ಅದು ಸೇರಿದ್ದು. ಎಳೆಯ ಗಿಡದ ಎಲೆ ಗೊಂಬೆಯ ತಾಂಬೂಲಕ್ಕೆ ಸರಿಯಾದ ಅಳತೆ. ಹುಳಿರುಚಿಯ ಮೂರೆಲೆಯ ಪುಟ್ಟ ಗಿಡವನ್ನು ನೆಲಕ್ಕೆ ಹಬ್ಬಿಸಿದರೆ ಸಂಜೆಯಾದಂತೆ ಅದು ಎಲೆ ಮಡಿಚಿ ನಿದ್ರೆಮಾಡುವುದನ್ನೂ ನೋಡಬಹುದು.

ತೋಟವನ್ನು ಕಟ್ಟುವ ಕ್ರಮದಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ. ಅಂಗೈಯಷ್ಟು ಆಳವಿರುವ, ಅಡಿಯಲ್ಲಿ ತೂತಿರುವ ಅಗಲವಾದ ಮಣ್ಣಿನ ಪಾತ್ರೆ. ತಳದಲ್ಲಿ ಇಟ್ಟಿಗೆಯ ಚೂರು, ಅದರ ಮೇಲೆ ಸ್ವಲ್ಪ ಇದ್ದಿಲು, ಆಮೇಲೆ ಮರಳು ಬೆರೆಸಿದ ಎಲೆಗೊಬ್ಬರ. ಮನೆಯನ್ನು ರಟ್ಟಿನಿಂದ ಮಾಡಿದರೆ ಎರಡೇ ವಾರದಲ್ಲಿ ಕೊಳೆಯುವುದು. ಒಡೆದ ನಾಡಹೆಂಚು, ಇಟ್ಟಿಗೆಯ ತುಂಡುಗಳಿಂದ ಕಟ್ಟುವುದು ಲೇಸು. ಇಟ್ಟಿಗೆ ನೀರು ಹೀರಿ ತೇವವಾಗಿರುವುದರಿಂದ ಹಾವಸೆ ಅದರ ಮೇಲೆ ತಾನೇ ಹತ್ತುತ್ತದೆ. ಮಾಡಿನ ಮೇಲೆ ಬಳ್ಳಿ ಬೇಕೆಂದರೆ ಕಾಂಪೌಂಡು ಗೋಡೆಗಳಿಗೆ ಹಬ್ಬಿಸುವ ಅಂಟುಬೇರಿನ ಅತ್ತಿಬಳ್ಳಿಯ ಒಂದು ಎಳೆಯ ತುದಿ ಸಾಕು. ನೆಟ್ಟಾದ ಮೇಲೆ ತುಂತುರು ನೀರು, ನೆರಳಿನಲ್ಲಿ ಬೆಳಕು. ಅನಂತರದ ಕೆಲಸ ಕಠಿನವಾದುದು: ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಸುಮ್ಮನಿರಬೇಕು. ಹೊಸದಾಗಿ ನೆಟ್ಟ ತೋಟ ಯಾವಾಗಲೂ ಪ್ರದರ್ಶನದ ವಸ್ತುವಿನಂತೆ ಕಾಣುತ್ತದೆ. ಮೂರನೆಯ ತಿಂಗಳಿನಲ್ಲಿ, ನೀವು ನೆಡದ ಗಿಡವೊಂದು ಬಾಗಿಲ ಮುಂದೆಯೇ ಎದ್ದು ದಾರಿಯನ್ನು ಕಟ್ಟಿದಾಗ, ಅದು ಹಿತ್ತಲಾಗುವುದಕ್ಕೆ ಆರಂಭಿಸಿದೆಯೆಂದು ತಿಳಿಯಬೇಕು.

ಬೇಗ ಒಣಗುವ ತೊಂದರೆಗೆ ಪರಿಹಾರ ಗಾಜಿನ ಮುಚ್ಚಳ. ಇದನ್ನು ಕಂಡುಕೊಂಡವನು ನಥಾನಿಯಲ್ ವಾರ್ಡ್ ಎಂಬ ಲಂಡನ್ನಿನ ವೈದ್ಯ. ಕಲ್ಲಿದ್ದಲಿನ ಹೊಗೆ ಕವಿದ ಆ ನಗರದಲ್ಲಿ ತನ್ನ ಮನೆಯಂಗಳದ ಕಲ್ಲುಕಟ್ಟೆಯ ಮೇಲೆ ಜರೀಗಿಡ ಬೆಳೆಸಬೇಕೆಂದು ಆತ ಪಟ್ಟ ಪಾಡೆಲ್ಲ ವ್ಯರ್ಥವಾಗಿತ್ತು. 1829ರಲ್ಲಿ ಪತಂಗದ ಗೂಡುಹುಳುವೊಂದನ್ನು ತೇವದ ಮಣ್ಣಿನೊಡನೆ ಅಗಲಬಾಯಿಯ ಸೀಸೆಯಲ್ಲಿಟ್ಟು ಮುಚ್ಚಿದನು. ಹಗಲು ಮಣ್ಣಿನ ತೇವ ಆವಿಯಾಗಿ ಗಾಜಿಗೆ ಅಂಟುತ್ತಿತ್ತು, ಮತ್ತೆ ಹನಿಯಾಗಿ ಇಳಿಯುತ್ತಿತ್ತು. ಅಷ್ಟರಲ್ಲಿ ಆ ಮಣ್ಣಿನಲ್ಲಿ ಒಂದು ಜರೀಗಿಡವೂ ಒಂದು ಹುಲ್ಲೂ ಮೊಳೆತುವು. ಅಂಗಳದಲ್ಲಿ ಬದುಕದ ಗಿಡ ಸೀಸೆಯಲ್ಲಿ ಬದುಕಿತು. ಕಿಟಕಿಯ ಹೊರಗೆ ಸುಮಾರು ನಾಲ್ಕು ವರ್ಷ, ಒಂದು ಹನಿ ನೀರೆರೆಯದೆ, ಅವೆರಡೂ ಬೆಳೆದುವು. ಕಡೆಗೆ ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳಹೊಕ್ಕು ಕೊಳೆತುಹೋದುವು. ವಾರ್ಡ್ 1833ರಲ್ಲಿ ಇಂಥ ಎರಡು ಗಾಜಿನ ಪೆಟ್ಟಿಗೆಗಳನ್ನು ಹಡಗಿನಲ್ಲಿ ಸಿಡ್ನಿಗೆ ಕಳಿಸಿದನು. ಗಿಡಗಳು ಜೀವಂತವಾಗಿ ತಲುಪಿದುವು. ಚೀನಾದ ಚಹಾ ಗಿಡಗಳು ಹಿಮಾಲಯದ ತಪ್ಪಲಿಗೆ, ದಕ್ಷಿಣ ಅಮೆರಿಕದ ಸಿಂಕೋನ ಗಿಡಗಳು 1860ರ ದಶಕದ ಮೊದಲಲ್ಲಿ ನೀಲಗಿರಿಗೆ ಬಂದುದು ಇಂಥ ಪೆಟ್ಟಿಗೆಗಳಲ್ಲಿ. ಗೊಂಬೆಯ ತೋಟಕ್ಕಿಂತ ದೊಡ್ಡದಲ್ಲದ ಪೆಟ್ಟಿಗೆಯೊಂದು ದೇಶಗಳ ಬೇಸಾಯವನ್ನೇ ಬದಲಿಸಿತು. ಅದರ ಮಣ್ಣಿನ ಜೊತೆ ಕಳೆಗಳೂ ರೋಗಗಳೂ ಸಮುದ್ರ ದಾಟಿದುವೆಂಬುದನ್ನೂ ಹೇಳದೆ ಬಿಡಬಾರದು.

ಗಾಜು ಹಾಕಿದ ತೋಟವನ್ನು ಬಿಸಿಲಿನಲ್ಲಿಡುವುದು ಕೂಡದು. ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಐದು ತಿಂಗಳು ಬೆಳೆಸಿದ ಸೀಸೆಯ ತೋಟವನ್ನು ಬಂದ ನೆಂಟರಿಗೆ ಚೆನ್ನಾಗಿ ಕಾಣಲೆಂದು ಪೂರ್ವದ ಕಿಟಕಿಯಲ್ಲಿಟ್ಟೆ. ಬೆಳಕು ಒಳಕ್ಕೆ ಹೋಯಿತು, ಕಾದ ಗಾಳಿ ಹೊರಕ್ಕೆ ಬರಲಾರದಾಯಿತು. ಕಾಫಿ ಮುಗಿಸಿ ಅವರನ್ನು ಕರೆತರುವಷ್ಟರಲ್ಲಿ ಜರೀಗಿಡಗಳು ಬೇಯಿಸಿದ ಸೊಪ್ಪಿನಂತೆ ಕುಸಿದಿದ್ದುವು. ಪ್ಲಾಸ್ಟಿಕ್ಕಿನ ತೋಟವಾಗಿದ್ದರೆ ಈ ಪಾಠ ಸಿಗುತ್ತಿರಲಿಲ್ಲವೆಂದು ಈಗ ಸಮಾಧಾನ ಹೇಳಿಕೊಳ್ಳುತ್ತೇನೆ. ಆ ದಿನ ಹಾಗೆ ಅನ್ನಿಸಲಿಲ್ಲ.

ನನ್ನ ವಾದಕ್ಕೆ ಎದುರಾಗಿ ಬರುವ ಮಾತುಗಳಲ್ಲಿ ಒಂದನ್ನು ಪೂರ್ಣವಾಗಿ ಒಪ್ಪುತ್ತೇನೆ. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ನಿಂತ ತಿಳಿನೀರು ಒಂದು ಬಟ್ಟಲಿನಷ್ಟಿದ್ದರೂ ಮೊಟ್ಟೆಯಿಡುತ್ತದೆ. ಸೆಕೆಯ ದಿನಗಳಲ್ಲಿ ಒಂದು ವಾರ ಹತ್ತು ದಿನಗಳೊಳಗೆ ಮರಿ ರೆಕ್ಕೆ ಬಂದು ಹಾರಿಹೋಗುತ್ತದೆ. ಗೊಂಬೆಯ ಮನೆಯ ಮುಂದಿನ ಸುಂದರ ಕೊಳ ಅದಕ್ಕೆ ಹೆರಿಗೆಯ ಕೋಣೆ. ಆದುದರಿಂದ ಕೆರೆಯ ವಿಷಯದಲ್ಲಿ ಮಾತ್ರ ನಾನು ಹಳೆಯ ಕನ್ನಡಿಯ ಪಕ್ಷ. ಪಾತ್ರೆಯ ಅಡಿಯ ತಟ್ಟೆಯಲ್ಲಿ ನಿಂತ ನೀರನ್ನೂ ಆಗಾಗ ಚೆಲ್ಲುತ್ತಿರಬೇಕು.

ಇನ್ನೊಂದು ಆಕ್ಷೇಪ, ಹಾವಸೆಯನ್ನು ಕಿತ್ತು ತರುವುದು ಸರಿಯೇ ಎಂಬುದು. ಕಾಡಿನಿಂದ ತರುವುದು ಖಂಡಿತ ಸರಿಯಲ್ಲ. ಪಶ್ಚಿಮ ಘಟ್ಟದ ಮರಗಳ ಮೈಮೇಲಿನ ಹಾವಸೆಯ ಹಚ್ಚಡ ಮಳೆನೀರನ್ನು ಹಿಡಿದಿಡುತ್ತದೆ. ಸೀತಾಳೆ ಗಿಡಗಳಿಗೆ ನೆಲೆ ಕೊಡುತ್ತದೆ. ಎಣಿಕೆಗೆ ಸಿಗದ ಸಣ್ಣ ಜೀವಿಗಳು ಅದರೊಳಗೆ ಬಾಳುತ್ತವೆ. ಒಂದು ಕೈಬೀಸಿನಲ್ಲಿ ಕೆರೆದದ್ದು ಮತ್ತೆ ಬೆಳೆಯಲು ವರ್ಷಗಳೇ ಬೇಕು. ಪ್ರವಾಸಕ್ಕೆ ಹೋದ ವಿದ್ಯಾರ್ಥಿಗಳು ಚೀಲದಲ್ಲಿ ತುಂಬಿಕೊಂಡು ಬರುವುದನ್ನು ಕಂಡಿದ್ದೇನೆ, ಅಧ್ಯಾಪಕರು ನೋಡಿಯೂ ಸುಮ್ಮನಿದ್ದುದನ್ನೂ ಕಂಡಿದ್ದೇನೆ. ಊರಿನ ಗೋಡೆಯ ಹಾವಸೆಯ ಮಾತು ಬೇರೆ. ಅದು ಹೇಗೂ ಸುಣ್ಣದ ಕುಂಚಕ್ಕೆ ಬಲಿಯಾಗತಕ್ಕದ್ದು. ಅಂಗೈಯಗಲ ಎತ್ತಿಕೊಂಡರೆ ಸಾಕು, ಉಳಿದದ್ದನ್ನು ತೇವವೇ ಬೆಳೆಸಿಕೊಳ್ಳುತ್ತದೆ.

ಮಿಣುಕು ದೀಪ, ಬಣ್ಣದ ಪ್ಲಾಸ್ಟಿಕ್ ಅಣಬೆ, ರೆಕ್ಕೆಯ ಕಿನ್ನರಿ, ಇವನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು ಮಾಯಾತೋಟವೆಂದು ಮಾರುವ ವ್ಯಾಪಾರದ ಬಗ್ಗೆ ನನಗೆ ಕೋಪವಿಲ್ಲ, ಮರುಕವಿದೆ. ಎಲೆಗೊಬ್ಬರ ಹಾಕಿದ ತೋಟದಲ್ಲಿ ಒಂದು ಮಳೆಗಾಲದ ಬೆಳಗ್ಗೆ ಅಣಬೆ ತಾನಾಗಿಯೇ ಏಳುತ್ತದೆ. ರಾತ್ರಿ ಇರಲಿಲ್ಲ, ಬೆಳಗ್ಗೆ ಮನೆಯ ಕಿಟಕಿಯ ಎತ್ತರಕ್ಕೆ ಕೊಡೆ ಬಿಚ್ಚಿ ನಿಂತಿದೆ, ಮಧ್ಯಾಹ್ನಕ್ಕೆ ಬಾಗಿ, ಸಂಜೆಗೆ ಕರಗಿಹೋಯಿತು. ಮಣ್ಣಿನೊಳಗೆ ಕಾಣದಂತೆ ಹಬ್ಬಿ ಸತ್ತ ಎಲೆಗಳನ್ನು ಗೊಬ್ಬರ ಮಾಡುತ್ತಿದ್ದ ಶಿಲೀಂಧ್ರದ ಜಾಲ ಒಂದು ದಿನದ ಮಟ್ಟಿಗೆ ಮುಖ ತೋರಿಸಿದ್ದು ಅದು. ಇದನ್ನು ಕಂಡ ಮಗುವಿಗೆ ದೀಪ ಹತ್ತಿಸುವ ಪ್ಲಾಸ್ಟಿಕ್ ಅಣಬೆಯನ್ನು ಕೊಟ್ಟು ನೋಡಿ.

ಶಾಲೆಗಳ ವಸ್ತುಪ್ರದರ್ಶನಗಳಲ್ಲಿ ಗೊಂಬೆಮನೆಗಳಿಗೂ ತೋಟಗಳಿಗೂ ಬಹುಮಾನ ಕೊಡುವಾಗ ಒಂದೇ ದಿನ ನೋಡಿ ಅಂಕ ಹಾಕುವ ಪದ್ಧತಿಯಿದೆ. ಒಂದೇ ದಿನ ನೋಡುವುದಾದರೆ ಪ್ಲಾಸ್ಟಿಕ್ಕೇ ಗೆಲ್ಲುವುದು ಸಹಜ. ತೀರ್ಪುಗಾರರು ಜೂನಿನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಬರಲಿ. ಹುಡುಗರು ಇಟ್ಟ ದಿನಚರಿಯನ್ನೂ ಓದಲಿ: ಯಾವ ಗಿಡ ಸತ್ತಿತು, ಯಾವುದು ಕರೆಯದೆ ಬಂದಿತು, ಯಾವುದು ಯಾವುದನ್ನು ಮುಚ್ಚಿತು. ಗಿಡ ಸತ್ತುದಕ್ಕೆ ಅಂಕ ಕಳೆಯಬಾರದು. ಏಕೆ ಸತ್ತಿತೆಂದು ಊಹಿಸದಿದ್ದುದಕ್ಕೆ ಬೇಕಾದರೆ ಕಳೆಯಲಿ.

ಇಷ್ಟಕ್ಕೂ ಆಗದವರು ಕನಿಷ್ಠಪಕ್ಷ ರಾಗಿಯ ತಟ್ಟೆಯನ್ನಾದರೂ ಹಿಂದಕ್ಕೆ ತರಬೇಕು. ಅದು ಒಂದು ಕಡೆಗೆ ಒರಗುವುದನ್ನು ಮೊದಲೇ ಹೇಳಿದೆನಷ್ಟೆ. ಅದು ಒರಗುವುದು ಬಾಗಿಲಿನ ಕಡೆಗೆ, ಅಥವಾ ಕಿಟಕಿಯ ಕಡೆಗೆ. ಚಾರಲ್ಸ್ ಡಾರ್ವಿನ್ನನೂ ಅವನ ಮಗ ಫ್ರಾನ್ಸಿಸನೂ 1880ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವರ್ಣಿಸಿರುವುದು ಇದೇ ಬಾಗುವಿಕೆಯನ್ನು. ಹುಲ್ಲಿನ ಮೊಳಕೆಯ ತುದಿಗೆ ಬೆಳಕು ತಾಕದಂತೆ ಟೋಪಿ ತೊಡಿಸಿದರೆ ಅದು ಬಾಗುವುದಿಲ್ಲವೆಂದೂ, ಬೆಳಕನ್ನು ಅರಿಯುವುದು ತುದಿ, ಬಾಗುವುದು ಅದರ ಕೆಳಗಿನ ಭಾಗವೆಂದೂ ಅವರು ತೋರಿಸಿದರು. ಸಸ್ಯಗಳ ಬೆಳವಣಿಗೆಯ ರಸವಾದ ಆಕ್ಸಿನ್ನಿನ ಶೋಧಕ್ಕೆ ದಾರಿಯಾದುದು ಆ ಟೋಪಿ. ನಮ್ಮ ಅಜ್ಜಿಯರು ತಟ್ಟೆಯನ್ನು ದಿನಕ್ಕೊಮ್ಮೆ ತಿರುಗಿಸಿಡುತ್ತಿದ್ದರು, ಪೈರು ನೆಟ್ಟಗೆ ನಿಲ್ಲಲೆಂದು. ಏಕೆ ತಿರುಗಿಸುತ್ತೀರೆಂದು ನಾವು ಯಾರೂ ಕೇಳಲಿಲ್ಲ. ಈ ವರ್ಷ ಎರಡು ತಟ್ಟೆ ಬಿತ್ತಿ, ಒಂದನ್ನು ತಿರುಗಿಸಿ, ಇನ್ನೊಂದನ್ನು ಹಾಗೆಯೇ ಬಿಡಿ. ಮೂರನೆಯದಕ್ಕೆ ಬೆಳ್ಳಿಕಾಗದದ ಪುಟ್ಟ ಟೋಪಿಗಳನ್ನು ತೊಡಿಸುವಷ್ಟು ತಾಳ್ಮೆ ಇದ್ದವರು ತೊಡಿಸಬಹುದು. ರಾಗಿಯ ಮೊಳಕೆ ಬಹಳ ಸಣ್ಣದಾದ್ದರಿಂದ ಆ ಕೆಲಸಕ್ಕೆ ಜೋಳವೇ ಅನುಕೂಲ.

ಹಬ್ಬ ಮುಗಿದ ಮೇಲೆ ಗೊಂಬೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುವರು. ಆಗ ತೋಟದ ಪಾತ್ರೆಯನ್ನು ತಿಪ್ಪೆಗೆ ಸುರಿಯದೆ ಬಾವಿಕಟ್ಟೆಯ ನೆರಳಿಗೋ ಬಚ್ಚಲಿನ ಹಿಂದಕ್ಕೋ ಸಾಗಿಸಿ, ಇಟ್ಟಿಗೆಯ ಮನೆ ಅದರೊಳಗೇ ಇರಲಿ. ರಾಗಿ ಒಣಗಿ ಬೀಳುತ್ತದೆ. ಹಾವಸೆ ಅದರ ಮೇಲೆ ಹತ್ತುತ್ತದೆ. ಬೇಸಗೆಯಲ್ಲಿ ಎಲ್ಲವೂ ಸತ್ತಂತೆ ಕಂಡು, ಮೊದಲ ಮಳೆಗೆ ಅರ್ಧಕ್ಕರ್ಧ ಏಳುತ್ತದೆ. ಬರುವ ವರ್ಷ ಗೊಂಬೆಗಳನ್ನು ಪೆಟ್ಟಿಗೆಯಿಂದ ಇಳಿಸಿ ಅವುಗಳ ಮನೆಗೆ ಕರೆದುಕೊಂಡು ಹೋಗುವಾಗ ಬಾಗಿಲು ಎಲ್ಲಿತ್ತೆಂದು ಹುಡುಕಲು ಒಂದು ಕತ್ತರಿ ಬೇಕಾದೀತು.